ಕುರ್ಚಿ ಸರ್ಕಾರದ್ದು, ಸಂಬಳ ಯಾರದ್ದು?

ಪ್ರಶ್ನೆ: ನಾನು ಕಾರ್ಕಳ ಹತ್ತಿರದವಳು, ವಯಸ್ಸು 29. ಬಿ.ಕಾಂ. ಆಗಿದೆ. ಉಡುಪಿಯ ಒಂದು ಸೊಸೈಟಿಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದೆ, ಮಗು ಆದ ಮೇಲೆ ಬಿಟ್ಟೆ. ಈಗ ಮೂರು ವರ್ಷದಿಂದ ಮನೆಯಲ್ಲೇ ಇದ್ದೇನೆ. ಸರ್ಕಾರಿ ಕಚೇರಿಗಳಲ್ಲಿ ತಾತ್ಕಾಲಿಕವಾಗಿ ಕ್ಲರ್ಕ್, ಡೇಟಾ ಎಂಟ್ರಿ ಆಪರೇಟರ್ ಕೆಲಸ ಇರುತ್ತದೆ ಎಂದು ಕೇಳಿದ್ದೇನೆ. ಅರ್ಜಿ ಎಲ್ಲಿ, ಹೇಗೆ ಹಾಕುವುದು? ಪರಿಚಯದವರೊಬ್ಬರು 40 ಸಾವಿರ ಕೊಟ್ಟರೆ ಒಂದು ಕಚೇರಿಗೆ ಸೇರಿಸುತ್ತೇನೆ, ಎರಡು ವರ್ಷದಲ್ಲಿ ಪರ್ಮನೆಂಟ್ ಆಗುತ್ತದೆ ಎನ್ನುತ್ತಿದ್ದಾರೆ. ನಂಬಬಹುದಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಕೊಡಬೇಡಿ. 40 ಸಾವಿರ ಬಿಡಿ, 4 ಸಾವಿರವೂ ಬೇಡ.

ನಾನು ದ್ವಿತೀಯ ದರ್ಜೆ ಸಹಾಯಕನಾಗಿ (ಎಸ್‌ಡಿಎ) ಸೇರಿ, ಕಚೇರಿ ಅಧೀಕ್ಷಕನಾಗಿ ನಿವೃತ್ತನಾದವನು. ಈ ದಲ್ಲಾಳಿಗಳ ಲೆಕ್ಕ ಹೇಗೆ ಎಂದು ಹೇಳುತ್ತೇನೆ, ಕೇಳಿ. ಅವನು ಹತ್ತು ಜನರಿಂದ ದುಡ್ಡು ತೆಗೆದುಕೊಳ್ಳುತ್ತಾನೆ. ಅದರಲ್ಲಿ ಇಬ್ಬರಿಗೆ ಅವರ ಟೈಪಿಂಗ್, ಅವರ ಮಾರ್ಕ್ಸ್ ಮೇಲೆಯೇ ಕೆಲಸ ಸಿಗುತ್ತದೆ. ಆ ಇಬ್ಬರ ದುಡ್ಡು ಇವನ ಕಿಸೆಗೆ. ಉಳಿದ ಎಂಟು ಜನರಿಗೆ "ಈ ಸಲ ಆಗಲಿಲ್ಲ ಮಾರಾಯ್ರೆ" ಎಂದು ವಾಪಸ್ ಕೊಡುತ್ತಾನೆ. ದುಡ್ಡು ವಾಪಸ್ ಕೊಟ್ಟ ಪ್ರಾಮಾಣಿಕ ಎಂಬ ಹೆಸರು ಬೇರೆ! ಇವನು ಯಾರ ಕೈ ಹಿಡಿಯಲಿಲ್ಲ, ಯಾರಿಗೂ ಫೋನ್ ಮಾಡಲಿಲ್ಲ. ಸುಮ್ನೆ ಕೂತಿದ್ದ. ವಾಪಸ್ ಕೊಡದೆ ಓಡಿಹೋಗುವವರದ್ದು ಇನ್ನೊಂದು ಜಾತಿ, ಅದು ಪೊಲೀಸ್ ಠಾಣೆಯ ವಿಷಯ.

ಇನ್ನು ಎರಡು ವರ್ಷದಲ್ಲಿ ಪರ್ಮನೆಂಟ್ ಎಂಬ ಮಾತು. ಇದಕ್ಕೆ ಸುಪ್ರೀಂ ಕೋರ್ಟ್ 2006ರ ಏಪ್ರಿಲ್ 10ರಂದೇ ಉತ್ತರ ಕೊಟ್ಟಿದೆ, ಅದೂ ನಮ್ಮ ಕರ್ನಾಟಕದ ಪ್ರಕರಣದಲ್ಲೇ. ಉಮಾದೇವಿ ಪ್ರಕರಣ ಎಂದು ಕಚೇರಿಗಳಲ್ಲಿ ಎಲ್ಲರಿಗೂ ಗೊತ್ತು. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ದಿನಗೂಲಿ ಮೇಲೆ ಇದ್ದವರ ವಿಷಯ ಅದು. ನೇಮಕಾತಿ ನಿಯಮದ ಪ್ರಕಾರ ಸೇರದವರು, ಎಷ್ಟು ಕಾಲ ಕೆಲಸ ಮಾಡಿದರು ಎಂಬ ಒಂದೇ ಕಾರಣಕ್ಕೆ ಕಾಯಂ ಹಕ್ಕು ಕೇಳುವ ಹಾಗಿಲ್ಲ ಎಂದು ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಮಂಜೂರಾದ ಹುದ್ದೆಯಲ್ಲಿ ಕೋರ್ಟಿನ ಆದೇಶದ ಬಲವಿಲ್ಲದೆ ಹತ್ತು ವರ್ಷ ದಾಟಿದವರಿಗೆ ಮಾತ್ರ ಒಂದು ಸಲದ ದಾರಿ ಬಿಟ್ಟಿತು. 2024ರ ಡಿಸೆಂಬರಿನಲ್ಲಿ ಅದೇ ಕೋರ್ಟ್ ಜಗ್ಗೋ ಎಂಬವರ ಪ್ರಕರಣದಲ್ಲಿ ಸ್ವಲ್ಪ ಮೆತ್ತಗಾಗಿದೆ, ನಿಜ. ಆದರೆ ಅವರು ಕೇಂದ್ರ ಜಲ ಆಯೋಗದಲ್ಲಿ ಗುಡಿಸುವ, ತೋಟದ ಕೆಲಸದಲ್ಲಿ ದಶಕಗಟ್ಟಲೆ ಸವೆದವರು. ಅವರನ್ನು ತೋರಿಸಿ ನಿಮಗೆ ಎರಡು ವರ್ಷದ ಆಸೆ ಹುಟ್ಟಿಸುವುದು ಮೋಸ. ಅದರಲ್ಲೂ ನೀವು ಸೇರುವುದು ಹೊರಗುತ್ತಿಗೆಯ ಮೂಲಕ ಆದರೆ, ಕಾಗದದ ಮೇಲೆ ನೀವು ಸರ್ಕಾರದ ತಾತ್ಕಾಲಿಕ ನೌಕರರೂ ಅಲ್ಲ, ಏಜೆನ್ಸಿಯ ನೌಕರರು.

ಎಲ್ಲರೂ ಎಡವುವುದು ಇಲ್ಲೇ. ಒಂದೇ ಕೋಣೆಯಲ್ಲಿ ಸಾಲಾಗಿ ನಾಲ್ಕು ಜನ ಕೂತಿರುತ್ತಾರೆ. ನಾಲ್ವರೂ ಅದೇ ಕಡತಕ್ಕೆ ಟಿಪ್ಪಣಿ ಟೈಪ್ ಮಾಡುತ್ತಾರೆ. ಒಬ್ಬರು ಲೋಕಸೇವಾ ಆಯೋಗದ (ಕೆಪಿಎಸ್‌ಸಿ) ಪರೀಕ್ಷೆ ಬರೆದು ಬಂದ ಎಸ್‌ಡಿಎ. ಒಬ್ಬರು ಯಾವುದೋ ಯೋಜನೆಯಡಿ ನೇರ ಗುತ್ತಿಗೆ. ಒಬ್ಬರು ಏಜೆನ್ಸಿಯವರು. ಇನ್ನೊಬ್ಬರು ಒಂದು ವರ್ಷದ ಅಪ್ರೆಂಟಿಸ್. ಕೌಂಟರಿನ ಆಚೆ ನಿಂತವರಿಗೆ ನಾಲ್ವರೂ ಸರ್ಕಾರಿ ನೌಕರರೇ. ಹಾಗಾಗಿ ಯಾವ ಕೆಲಸಕ್ಕೆ ಅರ್ಜಿ ಹಾಕುವ ಮೊದಲೂ ಒಂದೇ ಪ್ರಶ್ನೆ ಕೇಳಿ: ನನ್ನ ಸಂಬಳಕ್ಕೆ ಸಹಿ ಹಾಕುವುದು ಯಾರು? ಅದು ಗೊತ್ತಾದರೆ ಅರ್ಜಿ ಎಲ್ಲಿ ಕೊಡಬೇಕು, ರಜೆ ಎಷ್ಟು, ಜಗಳ ಬಂದರೆ ಯಾರ ಬಾಗಿಲು ತಟ್ಟಬೇಕು, ಎಲ್ಲ ಗೊತ್ತಾದ ಹಾಗೆ.

ಈಗ ಜಾಸ್ತಿ ಇರುವುದು ಏಜೆನ್ಸಿ ಕೆಲಸವೇ. ಇಲಾಖೆ ಟೆಂಡರ್ ಕರೆಯುತ್ತದೆ. ಗೆದ್ದ ಏಜೆನ್ಸಿ ಜನ ಒದಗಿಸುತ್ತದೆ. ಈ ಟೆಂಡರುಗಳು ಕೆಪಿಪಿಪಿ ಎಂಬ ರಾಜ್ಯದ ಖರೀದಿ ಪೋರ್ಟಲಿನಲ್ಲಿ ಬರುತ್ತವೆ. ಅದು ಗುತ್ತಿಗೆದಾರರಿಗೆ, ನಮಗೇಕೆ ಎಂದು ಕೆಲಸ ಹುಡುಕುವವರು ಆ ಕಡೆ ತಲೆ ಹಾಕುವುದಿಲ್ಲ. ನಾನಾದರೆ ಮೊದಲು ಅಲ್ಲೇ ನೋಡುತ್ತೇನೆ. ಎಷ್ಟು ಆಪರೇಟರ್ ಬೇಕು, ವಿದ್ಯಾರ್ಹತೆ ಏನು, ಅವಧಿ ಎಷ್ಟು, ಒಬ್ಬರಿಗೆ ವೇತನ ಎಷ್ಟು, ಅದರ ಮೇಲೆ ಪಿಎಫ್ ಎಷ್ಟು, ಏಜೆನ್ಸಿಯ ಸೇವಾ ಶುಲ್ಕ ಎಷ್ಟು, ಎಲ್ಲ ಟೆಂಡರ್ ಕಾಗದದಲ್ಲೇ ಇರುತ್ತದೆ. ಆಮೇಲೆ ಏಜೆನ್ಸಿಯವರು "ನಮಗೆ ಸರ್ಕಾರ ಕೊಡುವುದೇ ಇಷ್ಟು" ಎಂದರೆ ನೀವು ನಗಬಹುದು.

ಯಾವ ಕಚೇರಿಗೆ ಯಾವ ಏಜೆನ್ಸಿ ಎಂದು ತಿಳಿಯುವುದು ಕಷ್ಟ ಅಲ್ಲ. ಆ ಕಚೇರಿಯ ಆಡಳಿತ ಶಾಖೆಗೆ ಹೋಗಿ ಕೇಳಿ. ಹೇಳದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಅಲ್ಲಿ ಮಹಾಕಾವ್ಯ ಬರೆಯಬೇಡಿ. "ತಮ್ಮ ಕಚೇರಿಗೆ ಹೊರಗುತ್ತಿಗೆ ಸಿಬ್ಬಂದಿ ಒದಗಿಸುವ ಸಂಸ್ಥೆಯ ಕಾರ್ಯಾದೇಶದ ಪ್ರತಿ ಕೊಡಿ" ಎಂದರೆ ಸಾಕು.

ಎರಡನೆಯದು ನೇರ ಗುತ್ತಿಗೆ. ಆರೋಗ್ಯ ಅಭಿಯಾನ, ಮಕ್ಕಳ ರಕ್ಷಣಾ ಘಟಕ, ಸಂಜೀವಿನಿ, ಇಂಥ ಯೋಜನೆಗಳಿಗೆ ಜಿಲ್ಲಾ ಮಟ್ಟದಲ್ಲೇ ಆಯ್ಕೆ ನಡೆಯುತ್ತದೆ. ಪ್ರಕಟಣೆ ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಎನ್‌ಐಸಿ ಜಾಲತಾಣದಲ್ಲಿ, ನೇಮಕಾತಿ ಎಂಬ ಭಾಗದಲ್ಲಿ ಹಾಕುತ್ತಾರೆ. ಪೇಪರಿನ ಒಳಪುಟದಲ್ಲಿ ಬೆರಳಗಲದ ಸುದ್ದಿಯೂ ಬರುತ್ತದೆ. ಅರ್ಜಿಗೆ ಸಿಗುವ ದಿನಗಳು ಕಡಿಮೆ. ವಾರಕ್ಕೆರಡು ಸಲ ನೋಡುವ ಅಭ್ಯಾಸ ಇಲ್ಲದಿದ್ದರೆ ಕೊನೆಯ ದಿನ ಕಳೆದ ಮೇಲೆಯೇ ಸುದ್ದಿ ಗೊತ್ತಾಗುವುದು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ, ಸುರತ್ಕಲ್‌ನ ಎನ್‌ಐಟಿಕೆ ಇಂಥ ಸಂಸ್ಥೆಗಳದ್ದು ಅವರವರ ಜಾಲತಾಣ. ನಿಮಗೆ ಕಾರ್ಕಳದಿಂದ ದಿನಾ ಸುರತ್ಕಲ್ ದೂರವಾಯಿತು, ಅದನ್ನು ಬಿಡಿ. ಆದರೆ ಗ್ರಾಮ ಪಂಚಾಯತಿಯನ್ನು ಮರೆಯಬೇಡಿ. ಅಲ್ಲಿನ ಕ್ಲರ್ಕ್ ಮತ್ತು ಡೇಟಾ ಎಂಟ್ರಿ ಆಪರೇಟರ್ ಕೆಲಸದ ದಾರಿಯೇ ಬೇರೆ. ಅಲ್ಲಿ ಪಂಚಾಯತಿಯದ್ದೇ ನೇಮಕ, ಜಿಲ್ಲಾ ಪಂಚಾಯತಿಯ ಅನುಮೋದನೆ ಬೇಕು. ಕೆಲಸ ತುಂಬ, ಆದರೆ ಮನೆಗೆ ಹತ್ತಿರ. ನಿಮ್ಮ ಊರಿನ ಪಿಡಿಒ ಅವರನ್ನು ಒಮ್ಮೆ ಕಂಡು, ಹುದ್ದೆ ಖಾಲಿ ಇದೆಯಾ ಎಂದು ಕೇಳಿ ಬನ್ನಿ.

ಅಪ್ರೆಂಟಿಸ್ ಎಂದರೆ ಪದವಿ ಮುಗಿಸಿದ ಹೊಸಬರಿಗೆ ಒಂದು ವರ್ಷದ ತರಬೇತಿ. ನಿಮ್ಮ ಅನುಭವಕ್ಕೆ ಅದು ಹೊಂದುವುದಿಲ್ಲ.

ಉದ್ಯೋಗ ವಿನಿಮಯ ಕಚೇರಿಯ ಕಾರ್ಡ್ ಬೇಕಾ ಎಂದು ತುಂಬ ಜನ ಕೇಳುತ್ತಾರೆ. ಮಾಡಿಸಿಡಿ, ನಷ್ಟ ಇಲ್ಲ. ಅದರಿಂದಲೇ ಕೆಲಸ ಬರುತ್ತದೆ ಎಂದು ಮಾತ್ರ ಕಾಯಬೇಡಿ.

ಈಗ ಅರ್ಜಿಯ ವಿಷಯ. ನಾನು ಎಷ್ಟೋ ಅರ್ಜಿಗಳ ಕಂತೆ ಬಿಚ್ಚಿದ್ದೇನೆ. ಮೊದಲ ಸುತ್ತಿನಲ್ಲಿ ಯಾರ ಯೋಗ್ಯತೆಯನ್ನೂ ಅಳೆಯುವುದಿಲ್ಲ. ಕೇಳಿದ ಕಾಗದ ಇದೆಯಾ ಇಲ್ಲವಾ, ಅಷ್ಟೇ ನೋಡುವುದು. ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದ ಹಾಗೆಯೇ ಇರಬೇಕು. ಮದುವೆ ಆದ ಹೆಣ್ಣುಮಕ್ಕಳ ಅರ್ಜಿಯಲ್ಲಿ ಆಧಾರ್‌ನಲ್ಲಿ ಗಂಡನ ಹೆಸರು, ಅಂಕಪಟ್ಟಿಯಲ್ಲಿ ತಂದೆಯ ಇನಿಷಿಯಲ್, ಪಾನ್‌ನಲ್ಲಿ ಮನೆತನದ ಹೆಸರು, ಹೀಗೆ ಮೂರು ಮನುಷ್ಯರು ಇರುತ್ತಾರೆ. ಇದನ್ನು ಈಗಲೇ ಸರಿ ಮಾಡಿಸಿ. ಪಿಎಫ್ ಖಾತೆ ತೆರೆಯುವಾಗ ಇದೇ ತಲೆನೋವು ಮತ್ತೆ ಬರುತ್ತದೆ.

ಜಾತಿ ಪ್ರಮಾಣಪತ್ರ ತಂದೆಯ ಕಡೆಯಿಂದ ಆಗಬೇಕು, ಗಂಡನ ಕಡೆಯಿಂದ ಅಲ್ಲ. ನಾಡಕಚೇರಿಯಲ್ಲಿ ಮಾಡಿಸುವಾಗ ಇದು ನೆನಪಿರಲಿ. 2ಎ, 3ಬಿ ಇಂಥ ಪ್ರವರ್ಗದ್ದಕ್ಕೆ 5 ವರ್ಷದ ವಾಯಿದೆ ಇರುತ್ತದೆ. ಮದುವೆಗೆ ಮುಂಚೆ ಮಾಡಿಸಿದ್ದು ನಿಮ್ಮಲ್ಲಿದ್ದರೆ ತಾರೀಕು ನೋಡಿಕೊಳ್ಳಿ. ಹೊರಗುತ್ತಿಗೆಗೆ ಜಾತಿ ಪತ್ರ ಯಾಕೆ ಎನ್ನಬೇಡಿ. 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹೊರಗುತ್ತಿಗೆಯಲ್ಲೂ ಮೀಸಲಾತಿ ಪಾಲಿಸಬೇಕು ಎಂದು ಆದೇಶ ಮಾಡಿದೆ, ಮಹಿಳೆಯರಿಗೆ ಶೇ. 33 ಸೇರಿ. ಇಪ್ಪತ್ತಕ್ಕಿಂತ ಕಡಿಮೆ ಜನ ಇರುವಲ್ಲಿ ಮತ್ತು 45 ದಿನಕ್ಕಿಂತ ಕಡಿಮೆ ಅವಧಿಯ ಕೆಲಸಕ್ಕೆ ಅದು ಅನ್ವಯಿಸುವುದಿಲ್ಲ.

ಅರ್ಜಿ ಒಂದು ಪುಟ ದಾಟಬಾರದು. ಮೇಲೆ ಪ್ರಕಟಣೆಯ ಸಂಖ್ಯೆ, ದಿನಾಂಕ. ಲಕೋಟೆಯ ಮೇಲೆ ಹುದ್ದೆಯ ಹೆಸರು. "ಕಷ್ಟದಲ್ಲಿರುವ ಬಡ ಕುಟುಂಬದವಳು, ದಯವಿಟ್ಟು ಕನಿಕರ ತೋರಿಸಿ" ಎಂಬ ಸಾಲು ಬೇಡವೇ ಬೇಡ. ಓದುವವನಿಗೆ ಬೇಜಾರಾಗುತ್ತದೆ, ಅಂಕವಂತೂ ಸಿಗುವುದಿಲ್ಲ. ಬದಲಿಗೆ ಸೊಸೈಟಿಯ ನಾಲ್ಕು ವರ್ಷವನ್ನು ಬಿಡಿಸಿ ಬರೆಯಿರಿ. ಡೇ ಬುಕ್ ಬರೆದಿದ್ದೀರಾ, ಪಿಗ್ಮಿ ಲೆಡ್ಜರ್ ನೋಡಿದ್ದೀರಾ, ಆಡಿಟ್‌ಗೆ ಪಟ್ಟಿ ತಯಾರಿಸಿದ್ದೀರಾ, ದಿನಕ್ಕೆ ಎಷ್ಟು ವೋಚರ್ ಎಂಟ್ರಿ ಮಾಡುತ್ತಿದ್ದಿರಿ? ಸರ್ಕಾರಿ ಕಚೇರಿಯವರಿಗೆ ಸೊಸೈಟಿಯಿಂದ ಬಂದವರೆಂದರೆ ಇಷ್ಟ. ಲೆಕ್ಕ ತಾಳೆ ಆಗದೆ ಮನೆಗೆ ಹೋಗುವ ಹಾಗಿಲ್ಲ ಎಂಬುದು ಅವರಿಗೆ ರಕ್ತದಲ್ಲೇ ಇರುತ್ತದೆ. ಮೂರು ವರ್ಷದ ಖಾಲಿಯನ್ನು ಮುಚ್ಚಬೇಡಿ. "ಮಗುವಿನ ಆರೈಕೆಗಾಗಿ ಬಿಡುವು" ಎಂದು ಒಂದು ಸಾಲು ಸಾಕು. ಮುಚ್ಚಿದರೆ ಸಂದರ್ಶನದಲ್ಲಿ ಅದನ್ನೇ ಕೆದಕುತ್ತಾರೆ.

ಕೈಯಲ್ಲೇ ಕೊಡುವುದಾದರೆ ಎರಡು ಪ್ರತಿ ಒಯ್ಯಿರಿ. ಟಪಾಲು ಶಾಖೆಯಲ್ಲಿ ಒಂದಕ್ಕೆ ಸೀಲ್, ದಿನಾಂಕ ಹಾಕಿಸಿ ವಾಪಸ್ ತನ್ನಿ. ನಿಮಗೆ ಉಡುಪಿ ಬಸ್ಸು ಮಣಿಪಾಲದ ಮೇಲೆಯೇ ಹೋಗುವುದರಿಂದ ಅಲ್ಲಿನ ಜಿಲ್ಲಾ ಕಚೇರಿ ಸಂಕೀರ್ಣ ರಜತಾದ್ರಿಯ ಕಚೇರಿಗಳಿಗೆ ಕೊಡುವುದು ಸುಲಭ. ಮಂಗಳೂರಿನ ಕಡೆಯದ್ದಾದರೆ ಮೊದಲು ವಿಳಾಸ ನೋಡಿಕೊಳ್ಳಿ. ಜಿಲ್ಲಾಧಿಕಾರಿ ಕಚೇರಿಗೆ ಪಡೀಲ್‌ನಲ್ಲಿ ಹೊಸ ಕಟ್ಟಡ ಆಗಿದೆ, 2025ರ ಮೇ ತಿಂಗಳಲ್ಲಿ ಉದ್ಘಾಟನೆಯಾದ ಪ್ರಜಾಸೌಧ. ಹಳೆ ನೆನಪಿನಲ್ಲಿ ಸ್ಟೇಟ್‌ಬ್ಯಾಂಕ್ ಹತ್ತಿರ ಇಳಿದರೆ ಅರ್ಧ ದಿನ ಹೋಯಿತು. ಎರಡನೇ, ನಾಲ್ಕನೇ ಶನಿವಾರ ಕಚೇರಿ ಇಲ್ಲ. ಅಂಚೆಯಲ್ಲಿ ಕಳಿಸುವುದಾದರೆ ಸ್ಪೀಡ್ ಪೋಸ್ಟ್. ಪ್ರಕಟಣೆಯಲ್ಲಿ ಹಳೆ ರೂಢಿಯಂತೆ "ರಿಜಿಸ್ಟರ್ಡ್ ಅಂಚೆ" ಎಂದು ಬರೆದಿದ್ದರೂ ಗಾಬರಿ ಬೇಡ. 2025ರಲ್ಲಿ ಅದನ್ನು ಸ್ಪೀಡ್ ಪೋಸ್ಟಿನೊಳಗೇ ಸೇರಿಸಿದ್ದಾರೆ.

ಇನ್ನು ಪರೀಕ್ಷೆ. ಏಜೆನ್ಸಿ ಮೂಲಕವೇ ಬಂದರೂ ಎಷ್ಟೋ ಕಚೇರಿಗಳಲ್ಲಿ ಒಂದು ಸಣ್ಣ ಟೈಪಿಂಗ್ ಪರೀಕ್ಷೆ ಕೊಡುತ್ತಾರೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಇಲ್ಲೇ ಜಾಸ್ತಿ ಜನ ಬೀಳುವುದು.

ಈಗಿನವರು ಮೊಬೈಲಿನಲ್ಲಿ ಕನ್ನಡವನ್ನು ಸರಾಗ ಬರೆಯುತ್ತಾರೆ. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಬರುತ್ತದೆ, ಇಲ್ಲವೇ ಮಾತಾಡಿದರೆ ಬರುತ್ತದೆ. ಕಚೇರಿಯ ಕಂಪ್ಯೂಟರಿನಲ್ಲಿ ಅದು ನಡೆಯುವುದಿಲ್ಲ. ಅಲ್ಲಿ ನುಡಿ ಎಂಬ ಕನ್ನಡ ತಂತ್ರಾಂಶ. ಅದರ ಕೀಲಿಮಣೆಯ ಜಾಡು ಬೇರೆ. "ಅಮ್ಮ" ಎಂದು ಬರೆಯಲು ಎ, ಎಂ, ಎಫ್, ಎಂ ಒತ್ತಬೇಕು. ಆ ಎಫ್ ಎಂಬ ಕೀಲಿಯೇ ಒತ್ತಕ್ಷರದ ಗುಟ್ಟು. ಅದು ಬೆರಳಿಗೆ ಬಂದರೆ ಉಳಿದದ್ದು ಒಂದು ತಿಂಗಳಲ್ಲಿ ಬರುತ್ತದೆ. ಅಂದ ಹಾಗೆ, ಕನ್ನಡಕ್ಕೆ ಈ ತರ್ಕದ ಕೀಲಿಮಣೆ ಕೊಟ್ಟವರು ನಮ್ಮ ಕಡೆಯವರೇ, ಮಂಗಳೂರು ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್. ಅವರ ಊರಿನ ಸುತ್ತಮುತ್ತಲಿನ ಹುಡುಗರೇ ಎಫ್ ಎಲ್ಲಿದೆ ಎಂದು ಹುಡುಕುವುದನ್ನು ನೋಡಿ ನನಗೆ ನಗು ಬಂದದ್ದುಂಟು.

ಇನ್ನೊಂದು ತೊಂದರೆ ಇದೆ. ನುಡಿಯಲ್ಲಿ ಹಳೆಯ ಫಾಂಟಿನಲ್ಲೂ ಬರೆಯಬಹುದು, ಯುನಿಕೋಡ್‌ನಲ್ಲೂ ಬರೆಯಬಹುದು. ಹಳೆಯದರಲ್ಲಿ ಬರೆದ ಪತ್ರವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಚಿತ್ರವಿಚಿತ್ರ ಗುರುತುಗಳು ಕಾಣಿಸುತ್ತವೆ. ಒಮ್ಮೆ ನಮ್ಮಲ್ಲಿ ಒಬ್ಬ ಹುಡುಗ ಅರ್ಜಿಯನ್ನೇ ಹಾಗೆ ಇ-ಮೇಲ್ ಮಾಡಿದ್ದ. ಯಾರಿಗೂ ಓದಲಾಗಲಿಲ್ಲ. ಅವನಿಗೆ ಟೈಪಿಂಗ್ ಚೆನ್ನಾಗಿ ಬರುತ್ತಿತ್ತು ಎಂದು ಆಮೇಲೆ ಗೊತ್ತಾಯಿತು, ಅಷ್ಟರಲ್ಲಿ ಪಟ್ಟಿ ಆಗಿತ್ತು. ಎರಡನ್ನೂ ಕಲಿಯಿರಿ, ಒಂದರಿಂದ ಇನ್ನೊಂದಕ್ಕೆ ಬದಲಿಸುವುದನ್ನೂ ಕಲಿಯಿರಿ. ಆದರೆ ಕಳಿಸುವುದನ್ನು ಯುನಿಕೋಡ್‌ನಲ್ಲೋ ಪಿಡಿಎಫ್‌ನಲ್ಲೋ ಕಳಿಸಿ. ಸಮಯ ಇದ್ದರೆ ಪರೀಕ್ಷಾ ಮಂಡಳಿಯ ಕನ್ನಡ ಟೈಪಿಂಗ್ ಜೂನಿಯರ್ ಪರೀಕ್ಷೆ ಕಟ್ಟಿ. ಆರು ತಿಂಗಳ ಕಂಪ್ಯೂಟರ್ ಕೋರ್ಸಿನ ಬಣ್ಣದ ಸರ್ಟಿಫಿಕೇಟಿಗಿಂತ ಆ ಒಂದು ಹಾಳೆಗೆ ಬೆಲೆ ಜಾಸ್ತಿ.

ವೇಗಕ್ಕಿಂತ ತಪ್ಪಿಲ್ಲದಿರುವುದು ಮುಖ್ಯ. ನಮ್ಮ ಜಿಲ್ಲೆಗಳಲ್ಲಿ ಹೆಸರುಗಳೇ ಒಂದು ಪರೀಕ್ಷೆ. ಡಿಸೋಜ, ಡಿಸೋಜಾ, ಡಿ'ಸೋಜ, ಮೂವರೂ ಬೇರೆ ಬೇರೆ ಜನ. ಶೆಟ್ಟಿ, ಪೂಜಾರಿ ಎಂದರೆ ಒಂದೇ ಪಟ್ಟಿಯಲ್ಲಿ ಹತ್ತು ಮಂದಿ, ತಂದೆಯ ಹೆಸರು ನೋಡಿಯೇ ಬೇರೆ ಮಾಡಬೇಕು. ಕಂದಾಯದ ಕೆಲಸಕ್ಕೆ ಹಾಕಿದರೆ ಕುಮ್ಕಿ, ವರ್ಗ, ಅಡಂಗಲ್ ಎಂಬ ಪದಗಳು ಬರುತ್ತವೆ. 1956ರವರೆಗೆ ನಾವು ಮದರಾಸಿನ ಕಡೆ ಇದ್ದದ್ದರ ಗುರುತು ಅವು, ಘಟ್ಟದ ಮೇಲಿಂದ ಬಂದ ಅಧಿಕಾರಿಗಳೂ ಮೊದಮೊದಲು ತಡವರಿಸುತ್ತಾರೆ. ಸರ್ವೆ ನಂಬರಿನ ಉಪವಿಭಾಗದಲ್ಲಿ ಒಂದು ಅಕ್ಷರ ತಪ್ಪಿದರೆ ಪಾಪ ಆ ರೈತ ಅದನ್ನು ತಿದ್ದಿಸಲು ತಾಲೂಕು ಕಚೇರಿಗೆ ಆರು ತಿಂಗಳು ಅಲೆಯುತ್ತಾನೆ. ಸಂದರ್ಶನದಲ್ಲಿ "ಎಂಟ್ರಿ ಆದ ಮೇಲೆ ಏನು ಮಾಡುತ್ತೀರಿ" ಎಂದು ಕೇಳಿದರೆ "ಮೂಲ ಕಾಗದ ಇಟ್ಟುಕೊಂಡು ಇನ್ನೊಮ್ಮೆ ಓದುತ್ತೇನೆ" ಎನ್ನಿ. ಅಷ್ಟು ಹೇಳಿದವರು ನನ್ನ ಕಾಲದಲ್ಲಿ ಕಡಿಮೆ.

ತುಳು ಬರುತ್ತದಾ ಎಂದೂ ಕೇಳಬಹುದು. ನಿಯಮದಲ್ಲಿ ಇಲ್ಲ, ಆದರೆ ಕೌಂಟರಿಗೆ ಬರುವ ಅಜ್ಜಿಗೆ ಕನ್ನಡಕ್ಕಿಂತ ಮೊದಲು ತುಳು ಬರುತ್ತದೆ. ನಿಮಗೆ ಬರುತ್ತದೆ ಎಂದುಕೊಂಡಿದ್ದೇನೆ. ಅರ್ಜಿಯಲ್ಲಿ ಬರೆಯಿರಿ, ಕೊಂಕಣಿ, ಬ್ಯಾರಿ ಬಂದರೆ ಅದನ್ನೂ. ಮತ್ತೆ, ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿಯೇ ಕೇಳುತ್ತಾರೆ. ಕೇಳಬಾರದು, ಗಂಡಸರನ್ನು ಯಾರೂ ಕೇಳುವುದಿಲ್ಲ, ಆದರೂ ಕೇಳುತ್ತಾರೆ. ಮನೆಯಲ್ಲಿ ವ್ಯವಸ್ಥೆ ಆಗಿದೆ ಎಂದು ಒಂದೇ ವಾಕ್ಯದಲ್ಲಿ ಮುಗಿಸಿ ಮುಂದಿನ ಪ್ರಶ್ನೆಗೆ ಕಾಯಿರಿ.

ಕೆಲಸ ಸಿಕ್ಕಿತು ಎಂದಿಟ್ಟುಕೊಳ್ಳಿ. ಮೊದಲ ದಿನವೇ ನೇಮಕಾತಿ ಪತ್ರ ಕೇಳಿ. 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ ಅದನ್ನು ಕೊಡುವುದು ಕಡ್ಡಾಯ. "ಎಲ್ಲ ಬಾಯಿಮಾತಿನಲ್ಲೇ" ಎನ್ನುವ ಏಜೆನ್ಸಿ ಆಮೇಲೆ ಸಂಬಳವನ್ನೂ ಬಾಯಿಮಾತಿನಲ್ಲೇ ಕೊಡುತ್ತದೆ.

ಸಂಬಳದ ಲೆಕ್ಕ ಉದಾಹರಣೆ ಹಾಕಿ ತೋರಿಸುತ್ತೇನೆ. ತಿಂಗಳ ವೇತನ 18,000 ಎನ್ನಿ. ಪಿಎಫ್‌ಗೆ 15,000ದ ಮಿತಿಯ ಮೇಲೆ ಶೇ. 12 ಹಿಡಿದರೆ 1,800. ಇಎಸ್‌ಐ ಎಂಬ ಕಾರ್ಮಿಕರ ಆರೋಗ್ಯ ವಿಮೆಗೆ ಶೇ. 0.75, ಅಂದರೆ 135. ಕೈಗೆ 16,065 ಬರಬೇಕು. ವೃತ್ತಿ ತೆರಿಗೆ ಇಷ್ಟು ಸಂಬಳಕ್ಕೆ ಇಲ್ಲ, ಅದು 25,000ದ ಮೇಲೆ. ಮಾಲೀಕರ ಪಾಲು ಬೇರೆ: ಪಿಎಫ್‌ಗೆ ಶೇ. 12 ಮತ್ತು ಅದರ ಮೇಲಿನ ಆಡಳಿತ ಶುಲ್ಕ, ವಿಮೆ ಸೇರಿ ಶೇ. 13, ಅಂದರೆ 1,950. ಇಎಸ್‌ಐ ಶೇ. 3.25, ಅಂದರೆ 585. ಇದನ್ನು ನಿಮ್ಮ 18,000ದಿಂದ ಕತ್ತರಿಸುವ ಹಾಗಿಲ್ಲ. ಕತ್ತರಿಸುತ್ತಾರಾ? ಕೆಲವರು ಕತ್ತರಿಸುತ್ತಾರೆ. 16,065ರ ಬದಲು 13,530 ಬಂದರೆ ಎಲ್ಲಿ ಹೋಯಿತು ಎಂದು ಈಗ ನಿಮಗೆ ಗೊತ್ತು. ಟೆಂಡರ್ ಕಾಗದ ಓದಿ ಎಂದದ್ದು ಇದಕ್ಕೇ.

ಕತ್ತರಿಸಿದ್ದು ಕಟ್ಟಿದ್ದಾರಾ ಎಂಬುದು ಮುಂದಿನ ಪ್ರಶ್ನೆ. ನಿಮಗೆ ಸೊಸೈಟಿಯಲ್ಲಿ ಪಿಎಫ್ ಇದ್ದರೆ ಯುಎಎನ್ ಎಂಬ 12 ಅಂಕಿಯ ಪಿಎಫ್ ಸಂಖ್ಯೆ ಆಗಲೇ ಇರುತ್ತದೆ. ಹೊಸದು ಮಾಡಿಸಬೇಡಿ, ಅದನ್ನೇ ಕೊಡಿ. ಒಂದು ತಿಂಗಳ ಪಿಎಫ್ ಅನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ನೋಡಿ, ಪ್ರತಿ ತಿಂಗಳೂ. ನಾನಿದ್ದ ಒಂದು ಕಚೇರಿಯಲ್ಲಿ ಒಬ್ಬ ಹುಡುಗಿ ಎಂಟು ತಿಂಗಳು ನೋಡಲೇ ಇಲ್ಲ. ತಾಯಿಯ ಆಪರೇಷನ್‌ಗೆ ದುಡ್ಡು ತೆಗೆಯಲು ಹೋದಾಗ ಖಾತೆಯಲ್ಲಿ ಒಂದು ಪೈಸೆ ಇಲ್ಲ. ಏಜೆನ್ಸಿ ಕತ್ತರಿಸಿತ್ತು, ಕಟ್ಟಿರಲಿಲ್ಲ. ನಮ್ಮದೂ ತಪ್ಪಿತ್ತು. ಪ್ರತಿ ಬಿಲ್ಲಿನ ಜೊತೆ ಹಿಂದಿನ ತಿಂಗಳ ಪಿಎಫ್ ಚಲನ್, ಅದರಲ್ಲಿ ಹೆಸರಿನ ಪಟ್ಟಿ ನೋಡಿಯೇ ಪಾಸ್ ಮಾಡಬೇಕಿತ್ತು. ಚಲನ್ ಇತ್ತು, ಆದರೆ ಬೇರೆ ಕಚೇರಿಯವರ ಹೆಸರಿನದ್ದು. ಕೇಸ್ ವರ್ಕರ್ ಮೊತ್ತ ನೋಡಿ ಬಿಟ್ಟಿದ್ದರು, ನಾನು ಅವರ ಸಹಿ ನೋಡಿ ಬಿಟ್ಟಿದ್ದೆ. ಆಮೇಲೆ ಬಿಲ್ ತಡೆಹಿಡಿದು ಕಟ್ಟಿಸಿದೆವು. ಆಪರೇಷನ್‌ಗೆ ಆ ಹುಡುಗಿ ಬಳೆ ಅಡವಿಟ್ಟಾಗಿತ್ತು.

ಹಾಗೇನಾದರೂ ಆದರೆ ಮೊದಲು ಕಚೇರಿಗೇ ಬರಹದಲ್ಲಿ ಕೊಡಿ. ಏಜೆನ್ಸಿ ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಕಚೇರಿಯೇ ಕೊಡಬೇಕು ಎಂಬುದು ಹಳೆಯ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೂ ಇತ್ತು, ಈಗಿನ ಸಂಹಿತೆಯಲ್ಲೂ ಇದೆ. ಪಿಎಫ್ ದೂರಿಗೆ ಉಡುಪಿಯಲ್ಲೂ ಕಚೇರಿ ಇದೆ, ಮಂಗಳೂರಿನಲ್ಲಿ ಹೈಲ್ಯಾಂಡ್ಸ್‌ನಲ್ಲಿದೆ. ಇಎಸ್‌ಐ ಕಾರ್ಡನ್ನು ಅಸಡ್ಡೆ ಮಾಡಬೇಡಿ, ಅದು ನಿಮ್ಮ ಮಗುವಿಗೂ ಆಗುತ್ತದೆ. ಎರಡನೇ ಮಗುವಿನ ಯೋಚನೆ ಇದ್ದರೆ ಇದೂ ಗೊತ್ತಿರಲಿ: ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ (ಒಂದು ಅವಧಿ ಎಂದರೆ ಆರು ತಿಂಗಳು) 70 ದಿನದ ವಂತಿಗೆ ಇದ್ದರೆ ಹೆರಿಗೆ ಸೌಲಭ್ಯ ಸಿಗುತ್ತದೆ.

ಸಂಬಳ ತಿಂಗಳು ಮುಗಿದು ಏಳು ದಿನದೊಳಗೆ ಬರಬೇಕು ಎಂದು ಕಾನೂನು. ನಿಜ ಹೇಳಬೇಕೆಂದರೆ ಅನುದಾನ ಬರುವುದು ತಡವಾದರೆ ಎರಡು ತಿಂಗಳು ಎಳೆಯುತ್ತದೆ, ಅದರಲ್ಲೂ ಏಪ್ರಿಲ್, ಮೇ ತಿಂಗಳಲ್ಲಿ. ಬಸ್ಸಿನ ಖರ್ಚು, ಮಗುವಿನ ಹಾಲಿನ ಖರ್ಚು ಎರಡು ತಿಂಗಳು ತಡೆಯುವ ಹಾಗೆ ಇಟ್ಟುಕೊಂಡೇ ಸೇರಿ.

ಹಾಗಾದರೆ ಸೇರಬೇಕಾ? ಮೂರು ವರ್ಷ ಮನೆಯಲ್ಲಿದ್ದು ಹೊರಗೆ ಬರುವವರಿಗೆ ಇದು ಒಳ್ಳೆಯ ಕೆಲಸ ಎಂದೇ ನನ್ನ ಅಭಿಪ್ರಾಯ, ಜೊತೆಗೆ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಎಸ್‌ಡಿಎ ಪರೀಕ್ಷೆಗೆ ಓದುತ್ತಿದ್ದರೆ ಮಾತ್ರ. 2024ರ ಕೊನೆಯಿಂದ ಒಳಮೀಸಲಾತಿ ತೀರ್ಮಾನಕ್ಕಾಗಿ ಹೊಸ ಅಧಿಸೂಚನೆ ನಿಲ್ಲಿಸಿದ್ದರಿಂದ ಎಷ್ಟೋ ಜನ ಓದುವುದನ್ನೇ ಬಿಟ್ಟರು. ನೀವು ಬಿಡಬೇಡಿ. ನಿಮಗೆ 29. ಸಾಮಾನ್ಯ ವರ್ಗಕ್ಕೆ 35, 2ಎ, 2ಬಿ, 3ಎ, 3ಬಿ ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರಿಗೆ ಮತ್ತು ಪ್ರವರ್ಗ 1ಕ್ಕೆ 40ರ ಮಿತಿ, ಆಗಾಗ ಒಂದಿಷ್ಟು ಸಡಿಲಿಕೆ. ಹೆಚ್ಚೆಂದರೆ ಎರಡೋ ಮೂರೋ ಅವಕಾಶ ಸಿಗಬಹುದು. ಕಡ್ಡಾಯ ಕನ್ನಡ ಪತ್ರಿಕೆ 150 ಅಂಕದ್ದು, 50 ಬಾರದಿದ್ದರೆ ಉಳಿದ ಪತ್ರಿಕೆ ಲೆಕ್ಕಕ್ಕೇ ಇಲ್ಲ. ಕಚೇರಿಯಲ್ಲಿ ದಿನಾ ಟಿಪ್ಪಣಿ, ಸುತ್ತೋಲೆ ಟೈಪ್ ಮಾಡುವವರಿಗೆ ಈ ಪತ್ರಿಕೆ ತಾನಾಗಿಯೇ ಸಲೀಸಾಗುತ್ತದೆ. 1ರಿಂದ 10ನೇ ತರಗತಿ ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಆ ಎರಡು ಪ್ರಮಾಣಪತ್ರಗಳನ್ನು ಶಾಲೆಯಿಂದ ಈಗಲೇ ತೆಗೆದಿಡಿ. ಕೊನೆಯ ವಾರದಲ್ಲಿ ಹೋದರೆ ಹೆಡ್‌ಮಾಸ್ಟರ್ ಜನಗಣತಿಗೋ ಚುನಾವಣೆ ಕೆಲಸಕ್ಕೋ ಹೋಗಿರುತ್ತಾರೆ.

ಕೆಲಸ ಬಿಡುವ ದಿನ ಬಂದಾಗ ಅನುಭವ ಪತ್ರ ಎರಡು ಕಡೆಯಿಂದ ತೆಗೆದುಕೊಳ್ಳಿ. ಏಜೆನ್ಸಿಯದ್ದು ಪಿಎಫ್‌ಗೆ, ಬೇರೆ ಕೆಲಸಕ್ಕೆ. ಕಚೇರಿಯದ್ದರಲ್ಲಿ ಯಾವ ಶಾಖೆ, ಯಾವ ತಂತ್ರಾಂಶ, ಎಂದಿನಿಂದ ಎಂದಿನವರೆಗೆ ಎಂದು ಬರೆಸಿ, ಸೀಲ್ ಹಾಕಿಸಿ. ಕೊಡುವ ನಿಯಮ ಇಲ್ಲ ಎಂದು ಕೆಲವರು ಗೊಣಗುತ್ತಾರೆ, ಕೆಲಸ ಚೆನ್ನಾಗಿದ್ದರೆ ಕೊಡುತ್ತಾರೆ. ಅಧಿಕಾರಿಗೆ ವರ್ಗಾವಣೆ ಆಗುವ ಸುದ್ದಿ ಕಿವಿಗೆ ಬಿದ್ದ ಕೂಡಲೇ ಕೇಳಿಬಿಡಿ. ಹೊಸಬರು ಬಂದರೆ ನಿಮ್ಮ ಮುಖವೇ ಅವರಿಗೆ ಗೊತ್ತಿರುವುದಿಲ್ಲ.